ಮಾಳಿಗೆಯಿಂದ ಮೋಲ್ಡಿಗೆ: ತಾರಸಿ ಕಾಯತೊಡಗಿದ ಬಗೆ

ಬೇಸಿಗೆಯ ಸಂಜೆ ಅಂಗಳದಲ್ಲಿ ತಂಗಾಳಿ ಸುಳಿಯುತ್ತಿದ್ದರೂ ಮನೆಯೊಳಗೆ ಮಧ್ಯಾಹ್ನದ ಸೆಕೆಯೇ ಉಳಿದಿರುವುದು ಕರ್ನಾಟಕದ ಬಹುತೇಕ ಊರುಗಳಲ್ಲಿ ಈಗ ಯಾರೂ ಪ್ರಶ್ನಿಸದ ಸಂಗತಿಯಾಗಿದೆ. ಇದಕ್ಕೆ ಹವಾಮಾನವನ್ನು ದೂರುವುದು ವಾಡಿಕೆಯಾದರೂ, ಈ ಸೆಕೆಯಲ್ಲಿ ಛಾವಣಿ ಕಟ್ಟುವ ಪದ್ಧತಿ ಬದಲಾದ ಚರಿತ್ರೆಯ ಪಾಲೂ ಸಣ್ಣದಲ್ಲ. ಬೆಂಗಳೂರಿನ ನೆತ್ತಿಯ ಮೇಲೆ ಸೂರ್ಯ ಏಪ್ರಿಲ್ ಕೊನೆಯ ವಾರದಲ್ಲಿಯೂ ಕಲಬುರಗಿಯ ನೆತ್ತಿಯ ಮೇಲೆ ಮೇ ತಿಂಗಳ ಎರಡನೆಯ ವಾರದಲ್ಲಿಯೂ ನೇರವಾಗಿ ನಿಲ್ಲುವುದರಿಂದ, ಈ ನಾಡಿನ ಮನೆಗಳಿಗೆ ಬಿಸಿಲು ಮೊದಲು ತಾಗುವುದು ಮತ್ತು ಹೆಚ್ಚಾಗಿ ತಾಗುವುದು ಗೋಡೆಗಲ್ಲ, ಛಾವಣಿಗೆ. ಹಿಂದಿನ ಕಟ್ಟಡ ಪದ್ಧತಿಗಳಲ್ಲಿ ಇದಕ್ಕೆ ಉತ್ತರವಿತ್ತು. ಆದರೆ ಅದನ್ನು ಯಾರೂ ಬೇರೆಯಾಗಿ ಲೆಕ್ಕ ಹಾಕಿ ಇಟ್ಟಿರಲಿಲ್ಲ ಎಂಬುದೇ ಮುಂದಿನ ತಪ್ಪುಗಳಿಗೆಲ್ಲ ಮೂಲವಾಯಿತು.

ಉತ್ತರ ಕರ್ನಾಟಕದ ಬಯಲುಸೀಮೆಯ ಮಾಳಿಗೆ ಮನೆಯಲ್ಲಿ ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಹಲಗೆ ಅಥವಾ ಹಾಸುಗಲ್ಲು, ಅದರ ಮೇಲೆ ಒಂದು ಅಡಿ ಅಥವಾ ಅದಕ್ಕೂ ಹೆಚ್ಚು ದಪ್ಪದ ಮಣ್ಣು ಇರುತ್ತಿತ್ತು. ಎಲ್ಲಕ್ಕಿಂತ ಮೇಲೆ ಚೌಳು ಮಣ್ಣನ್ನು ಹರಡಿ ಬಡಿಯುವ ಪದ್ಧತಿಯಿತ್ತು. ಸೋಡಿಯಂ ಲವಣ ಹೆಚ್ಚಿರುವ ಈ ಮಣ್ಣು ನೀರು ತಾಗಿದೊಡನೆ ನುಣ್ಣಗೆ ಹರಡಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಬೇಸಾಯಕ್ಕೆ ಶಾಪವಾದ ಗುಣವೇ ಛಾವಣಿಗೆ ವರವಾಗಿತ್ತು. ಮಣ್ಣಿನ ದಪ್ಪ ಇದ್ದದ್ದು ಮಳೆ ಸೋರದಿರಲೆಂದು. ಬಿಸಿಲನ್ನು ತಡೆದದ್ದು ಆ ದಪ್ಪದಿಂದ ಕೇಳದೆ ಸಿಕ್ಕ ಲಾಭ.

ಹಳೆಯ ಮೈಸೂರು ಸೀಮೆಯಲ್ಲಿಯೂ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿಯೂ ಬಳಕೆಯಲ್ಲಿದ್ದ ಮದ್ರಾಸ್ ತಾರಸಿಯದು ಇನ್ನೊಂದು ಬಗೆ. ತೇಗದ ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಸುಣ್ಣದ ಗಾರೆಯಲ್ಲಿ ಕೂರಿಸಿ, ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಮಿಶ್ರಣವನ್ನು ಹರಡಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ ದಿನಗಟ್ಟಲೆ ಬಡಿದು ಗಟ್ಟಿಗೊಳಿಸುತ್ತಿದ್ದರು. ಕರಾವಳಿ ಮತ್ತು ಮಲೆನಾಡಿನಲ್ಲಿ ಹುಲ್ಲಿನ ಛಾವಣಿಯ ಜಾಗವನ್ನು ಕ್ರಮೇಣ ಮಂಗಳೂರು ಹಂಚು ಹಿಡಿಯಿತು. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಆರಂಭಿಸಿದ ಈ ಹಂಚಿನ ತಯಾರಿಕೆ ಅನಂತರ ದೇಶದಾಚೆಗೂ ಹಬ್ಬಿತು. ಹಂಚು ತೆಳುವಾದ ವಸ್ತು, ಬಿಸಿಲಿಗೆ ಬೇಗ ಕಾಯುತ್ತದೆ. ಆದರೆ ಹಂಚುಗಳ ಸಂದಿನಲ್ಲಿ ಗಾಳಿ ಆಡುತ್ತಿತ್ತು, ಅದರ ಕೆಳಗೆ ಅಟ್ಟವಿತ್ತು, ಅಟ್ಟದ ತಳಕ್ಕೆ ಹಲಗೆಯ ಮುಚ್ಚಿಗೆಯಿತ್ತು, ಅನುಕೂಲಸ್ಥರ ಮನೆಗಳಲ್ಲಿ ಮುಚ್ಚಿಗೆಯ ಮೇಲೆ ಮಣ್ಣಿನ ಪದರವೂ ಇರುತ್ತಿತ್ತು.

ಈ ಮೂರೂ ಪದ್ಧತಿಗಳನ್ನು ಹಿಂದಕ್ಕೆ ಸರಿಸಿದ್ದು ಆಡುಮಾತಿನಲ್ಲಿ ಮೋಲ್ಡ್ ಎನ್ನುವ, ಉಕ್ಕಿನ ಸರಳು ಹುದುಗಿಸಿದ ಕಾಂಕ್ರೀಟ್, ಅಂದರೆ ಆರ್‌ಸಿಸಿ. ಭಾರತದಲ್ಲಿ ಸಿಮೆಂಟಿನ ವಾಣಿಜ್ಯ ಉತ್ಪಾದನೆ 1914ರಲ್ಲಿ ಪೋರಬಂದರಿನಲ್ಲಿ ನೆಲೆಯೂರಿದರೂ, ಸಾಮಾನ್ಯರ ಮನೆಯ ಛಾವಣಿಯವರೆಗೆ ಅದು ತಲುಪಲು ಬಹುಕಾಲ ಹಿಡಿಯಿತು. ಸಿಮೆಂಟಿನ ಬೆಲೆ ಮತ್ತು ಹಂಚಿಕೆಯ ಮೇಲಿದ್ದ ಸರ್ಕಾರಿ ನಿಯಂತ್ರಣ 1982ರಲ್ಲಿ ಭಾಗಶಃ ಸಡಿಲಗೊಂಡು 1989ರಲ್ಲಿ ಪೂರ್ತಿಯಾಗಿ ತೆರವಾದ ಮೇಲೆ ಚಿತ್ರ ವೇಗವಾಗಿ ಬದಲಾಯಿತು. ಆ ಹೊತ್ತಿಗೆ ಮರ ದುಬಾರಿಯಾಗಿತ್ತು, ಮಾಳಿಗೆಗೆ ವರ್ಷವರ್ಷವೂ ಮಣ್ಣು ಹಾಕುವ ಆಳುಗಳು ಸಿಗುತ್ತಿರಲಿಲ್ಲ, ಜಡಿಮಳೆಗೆ ಮಣ್ಣಿನ ಮನೆ ಕುಸಿಯುವ ಭಯವಂತೂ ಇದ್ದೇ ಇತ್ತು. 2009ರ ಅಕ್ಟೋಬರಿನ ನೆರೆಯಲ್ಲಿ ಉತ್ತರ ಕರ್ನಾಟಕದ ಅಸಂಖ್ಯ ಮಣ್ಣಿನ ಮನೆಗಳು ಬಿದ್ದಾಗ, ಆಸರೆ ಯೋಜನೆಯ ಪುನರ್ವಸತಿ ಗ್ರಾಮಗಳಲ್ಲಿ ಎದ್ದ ಮನೆಗಳಿಗೆ ಬಹುಪಾಲು ಕಾಂಕ್ರೀಟಿನ ಛಾವಣಿಯೇ ಬಂದಿತು. ಜನರ ಆಯ್ಕೆ ತಪ್ಪಾಗಿತ್ತೆಂದು ಹೇಳುವುದು ಅನ್ಯಾಯ. ಬೀಳದ, ಸೋರದ, ಮೇಲೆ ಮತ್ತೊಂದು ಮಹಡಿ ಕಟ್ಟಬಹುದಾದ ಛಾವಣಿ ಅವರಿಗೆ ಬೇಕಿತ್ತು, ಅದು ಸಿಕ್ಕಿತು.

ಆದರೆ ಒಂದು ಅಡಿ ದಪ್ಪದ ಕೆಲಸವನ್ನು ಐದು ಅಂಗುಲದ ಕಾಂಕ್ರೀಟ್ ಸ್ಲ್ಯಾಬ್ ಮಾಡತೊಡಗಿದಾಗ ಬಿಸಿಲಿನ ತಡೆ ಸದ್ದಿಲ್ಲದೆ ಬಿಟ್ಟುಹೋಯಿತು. ಇದನ್ನು ಅಳೆಯಲು ಎಂಜಿನಿಯರುಗಳು ಬಳಸುವ ಮೊದಲ ಮಾನ ಉಷ್ಣವಾಹಕತೆ, ಅಂದರೆ ವಸ್ತುವೊಂದು ತನ್ನ ಮೂಲಕ ಶಾಖವನ್ನು ಎಷ್ಟು ಸಲೀಸಾಗಿ ಸಾಗಲು ಬಿಡುತ್ತದೆ ಎಂಬುದರ ಅಳತೆ. ಭಾರತೀಯ ಮಾನಕ ಬ್ಯೂರೋ 1987ರಲ್ಲಿ ಪ್ರಕಟಿಸಿದ ಕೈಪಿಡಿಯ ಪ್ರಕಾರ ಇದು ಆರ್‌ಸಿಸಿಗೆ 1.58, ಸುಟ್ಟ ಇಟ್ಟಿಗೆಗೆ 0.81, ಛಾವಣಿಗೆ ಹಾಸುವ ಮಣ್ಣಿಗೆ 0.52 ಇದ್ದರೆ, ಥರ್ಮೋಕೋಲ್ ಎಂದೇ ಜನ ಕರೆಯುವ ಪಾಲಿಸ್ಟೈರೀನ್ ನೊರೆಹಲಗೆಗೆ ಕೇವಲ 0.035ರಷ್ಟಿದೆ. ಇನ್ನೊಂದು ಮಾನ ಯು-ಮೌಲ್ಯ. ಛಾವಣಿಯ ಎಲ್ಲ ಪದರಗಳನ್ನೂ ಒಟ್ಟುಗೂಡಿಸಿ, ಒಳಗಿಗೂ ಹೊರಗಿಗೂ ಒಂದು ಡಿಗ್ರಿ ಅಂತರವಿರುವಾಗ ಒಂದು ಚದರ ಮೀಟರಿನ ಮೂಲಕ ಎಷ್ಟು ವಾಟ್ ಶಾಖ ಇಳಿಯುತ್ತದೆ ಎಂಬುದನ್ನು ಅದು ಹೇಳುತ್ತದೆ. ಐದು ಅಂಗುಲದ ಬರಿಯ ಸ್ಲ್ಯಾಬಿಗೆ ಇದು ಸುಮಾರು 3.4 ಆಗುತ್ತದೆ. 2018ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರತಂದ ಇಕೋ-ನಿವಾಸ್ ಸಂಹಿತೆ ವಸತಿ ಕಟ್ಟಡಗಳ ಛಾವಣಿಗೆ ವಿಧಿಸಿದ ಗರಿಷ್ಠ ಮಿತಿ 1.2. ಹಲಗೆಯ ಮೇಲೆ ಒಂದಡಿ ಒಣಮಣ್ಣು ಹೊತ್ತ ಹಳೆಯ ಮಾಳಿಗೆಗೆ ಇದೇ ಲೆಕ್ಕ ಹಾಕಿದರೆ ಉತ್ತರ 1.2ರ ಆಸುಪಾಸಿಗೇ ಬರುತ್ತದೆ. ಯಾವ ಸಂಹಿತೆಯನ್ನೂ ಓದದ ಮೇಸ್ತ್ರಿಗಳು ಕಟ್ಟಿದ ಛಾವಣಿ ಅದು.

ಸ್ಲ್ಯಾಬ್ ಕಾಯುತ್ತದೆ ಎಂಬ ಅರಿವು ಮೂಡಿದ ಮೇಲೆ ಹುಡುಕಿದ ಪರಿಹಾರಗಳಲ್ಲಿ ಮೊದಲನೆಯದು ಮದ್ರಾಸ್ ತಾರಸಿಯ ನೆನಪಿನಿಂದಲೇ ಬಂದಿತು. ಸ್ಲ್ಯಾಬಿನ ಮೇಲೆ ಇಟ್ಟಿಗೆ ಚೂರುಗಳನ್ನು ಗಾರೆಯಲ್ಲಿ ಕೂರಿಸಿ ಇಳಿಜಾರು ಕೊಡುವ ಈ ಪದರವನ್ನು ಗುತ್ತಿಗೆದಾರರು ಬ್ರಿಕ್ ಬ್ಯಾಟ್ ಕೋಬಾ ಅಥವಾ ವೆದರಿಂಗ್ ಕೋರ್ಸ್ ಎನ್ನುತ್ತಾರೆ. ಸುಣ್ಣ ಮತ್ತು ಸುರ್ಕಿಯ (ಇಟ್ಟಿಗೆ ಪುಡಿಯ) ಜಾಗಕ್ಕೆ ಸಿಮೆಂಟ್ ಬಂದು ಪದರ ಬಿರುಕು ಬಿಡುವುದು ಒಂದು ದೋಷವಾದರೆ, ಇದನ್ನೇ ಉಷ್ಣ ನಿರೋಧಕವೆಂದು ನಂಬುವುದು ಅದಕ್ಕಿಂತ ದೊಡ್ಡ ದೋಷ. ನಾಲ್ಕು ಅಂಗುಲದ ಕೋಬಾ ಸೇರಿಸಿದರೂ ಯು-ಮೌಲ್ಯ 2.4ರ ಕೆಳಗೆ ಹೆಚ್ಚು ಇಳಿಯುವುದಿಲ್ಲ. ನೀರು ಹರಿಸುವುದಕ್ಕೆ ಅದು ಒಳ್ಳೆಯದು, ಸೆಕೆಗೆ ಅರ್ಧ ಮದ್ದು. ಒಂದಂಗುಲ ದಪ್ಪದ, ನೀರು ಹೀರದ ಮುಚ್ಚಿದ ಕೋಶಗಳ ನೊರೆಹಲಗೆ ಮಾತ್ರ ಈ ಅಂಕಿಯನ್ನು 1ರ ಕೆಳಗೆ ತರಬಲ್ಲದು. ಅದು ನೀರು ಹೀರದಂಥದೇ ಆಗಿರಬೇಕೆಂಬ ಷರತ್ತಿಗೆ ಕಾರಣವಿದೆ: ನಿರೋಧಕದೊಳಗೆ ಶಾಖವನ್ನು ತಡೆಯುವುದು ನಿಶ್ಚಲವಾದ ಗಾಳಿ, ಆ ಗಾಳಿಯ ಜಾಗಕ್ಕೆ ನೀರು ಬಂದರೆ ಶಾಖ ಇಪ್ಪತ್ತು ಪಟ್ಟಿಗೂ ಮೀರಿ ಸಲೀಸಾಗಿ ಸಾಗುತ್ತದೆ. ಆದ್ದರಿಂದ ಸೋರುವ ತಾರಸಿಯನ್ನು ಮೊದಲು ಸರಿಪಡಿಸದೆ ಅದರ ಮೇಲೆ ಹಲಗೆ ಹಾಸುವುದು ಹಣವನ್ನು ನೀರಿಗೆ ಹಾಕಿದಂತೆಯೇ.

ತೀರ ಸಾಮಾನ್ಯವಾದ ತಪ್ಪೆಂದರೆ ನಿರೋಧಕವನ್ನು ಒಳಗಿನಿಂದ, ಸ್ಲ್ಯಾಬಿನ ಅಡಿಗೆ ಅಂಟಿಸುವುದು ಅಥವಾ ಜಿಪ್ಸಮ್ ಹಲಗೆಯ ಫಾಲ್ಸ್ ಸೀಲಿಂಗ್ ಹಾಕಿಸಿ ನಿಶ್ಚಿಂತರಾಗುವುದು. ಬರಿಯ ಗಣಿತಕ್ಕೆ ಪದರ ಮೇಲಿದ್ದರೂ ಕೆಳಗಿದ್ದರೂ ಯು-ಮೌಲ್ಯ ಒಂದೇ. ಸ್ಲ್ಯಾಬಿನ ಪಾಲಿಗೆ ಮಾತ್ರ ಒಂದೇ ಅಲ್ಲ. ಪದರ ಕೆಳಗಿದ್ದಾಗ ಕಾಂಕ್ರೀಟ್ ದಿನವಿಡೀ ಬಿಸಿಲಿಗೆ ಬೆನ್ನೊಡ್ಡಿ ಕಾಯುತ್ತದೆ, ರಾತ್ರಿ ಕುಗ್ಗುತ್ತದೆ. ಮೂವತ್ತು ಡಿಗ್ರಿಯ ಏರಿಳಿತಕ್ಕೆ ಹತ್ತು ಮೀಟರ್ ಉದ್ದದ ಸ್ಲ್ಯಾಬ್ ಸುಮಾರು 3 ಮಿಲಿಮೀಟರ್ ಹಿಗ್ಗಿ ಕುಗ್ಗುವುದರಿಂದ, ಗೋಡೆಯೂ ಸ್ಲ್ಯಾಬೂ ಸೇರುವೆಡೆ ಅಡ್ಡ ಬಿರುಕು ಮೂಡಿ ಮಳೆಗಾಲದಲ್ಲಿ ಅಲ್ಲಿಂದಲೇ ಸೋರಿಕೆ ಶುರುವಾಗುತ್ತದೆ, ಮತ್ತು ಆ ಸೋರಿಕೆಯನ್ನು ಫಾಲ್ಸ್ ಸೀಲಿಂಗ್ ಕೊಳೆಯುವವರೆಗೂ ಮರೆಮಾಚುತ್ತದೆ. ಪದರ ಮೇಲಿದ್ದರೆ ಸ್ಲ್ಯಾಬ್ ನೆರಳಿನಲ್ಲಿದ್ದಂತಾಗಿ ಕೋಣೆಯ ತಂಪನ್ನೇ ತಾನೂ ಹಿಡಿದಿಟ್ಟುಕೊಳ್ಳುತ್ತದೆ. ಮೇಲಿನ ತಾರಸಿ ಬೇರೆಯವರ ಸ್ವತ್ತಾಗಿರುವಲ್ಲಿ, ಕೆಲವೇ ಗಂಟೆ ಎಸಿ ಓಡುವ ಕೋಣೆಯಲ್ಲಿ ಒಳಗಿನ ಪದರಕ್ಕೆ ಸಮರ್ಥನೆಯಿದೆ. ಉಳಿದಂತೆ ಅದು ಗುತ್ತಿಗೆದಾರನಿಗೆ ಸುಲಭವಾದ ದಾರಿಯಷ್ಟೇ.

ಹೊಳೆಯುವ ಅಲ್ಯೂಮಿನಿಯಂ ಹಾಳೆಯ ಕಥೆಯೂ ಇದಕ್ಕೆ ಹತ್ತಿರದ್ದು. ತಗಡಿನ ಅಥವಾ ಸಿಮೆಂಟ್ ಶೀಟಿನ ಛಾವಣಿಯ ಅಡಿಗೆ ಕಟ್ಟುವ ಈ ಹಾಳೆ ಶಾಖದ ಕಿರಣಗಳನ್ನು ತಡೆಯುವುದು ಅದರ ಹೊಳೆಯುವ ಮೈ ಗಾಳಿಯ ಸಂದಿಗೆ ಎದುರಾಗಿದ್ದಾಗ ಮಾತ್ರ. ಶೀಟಿಗೆ ಒತ್ತಿ ಅಂಟಿಸಿದರೆ ಅದು ಶಾಖವನ್ನು ಸಾಗಿಸುವ ಮತ್ತೊಂದು ಲೋಹದ ಪದರವಾಗುತ್ತದೆ. ನಡುವೆ ಒಂದಂಗುಲದ ತೆರಪು ಬಿಟ್ಟರೆ ಸಾಕು.

ಬಿಳಿ ಬಣ್ಣದ ವಿಚಾರ ಸ್ವಲ್ಪ ಭಿನ್ನ, ಏಕೆಂದರೆ ಅದು ಶಾಖವನ್ನು ಒಳಬಂದ ಮೇಲೆ ತಡೆಯುವುದಿಲ್ಲ, ಬರುವ ಮೊದಲೇ ಹಿಂದಿರುಗಿಸುತ್ತದೆ. 2013ರಲ್ಲಿ ಬಿಸಿಗಾಳಿಗೆಂದೇ ಕ್ರಿಯಾಯೋಜನೆ ರೂಪಿಸಿದ ಅಹಮದಾಬಾದ್ ಅನಂತರ ಕೊಳೆಗೇರಿಗಳ ಛಾವಣಿಗಳಿಗೆ ಸುಣ್ಣ ಬಳಿಸಿತು. ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ನೀತಿಯೊಂದನ್ನು ಪ್ರಕಟಿಸಿತು. ಖರ್ಚಿಗೆ ಹೋಲಿಸಿದರೆ ಇದಕ್ಕಿಂತ ಹೆಚ್ಚು ಫಲ ಕೊಡುವ ಉಪಾಯ ಇನ್ನೊಂದಿಲ್ಲ. ಹಾಗಿದ್ದೂ ಸೋರಿಕೆ ತಡೆಯಲೆಂದು ತಾರಸಿಗೆ ಇಟ್ಟಿಗೆಗೆಂಪು ಬಣ್ಣ ಬಳಿಯುವುದು, ಡಾಂಬರಿನ ಕಪ್ಪು ಹಾಳೆಯನ್ನು ಬಿಸಿಲಿಗೆ ಬಿಚ್ಚಿಡುವುದು ಎಲ್ಲೆಡೆ ಕಾಣುತ್ತದೆ. ಅಂಥ ಮೇಲ್ಮೈ ಮಧ್ಯಾಹ್ನ 60 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ. ಬಿಳಿ ಬಳಿದವರೂ ಅದನ್ನು ತೊಳೆಯುವುದನ್ನು ಮರೆಯುತ್ತಾರೆ. ಧೂಳು ಮತ್ತು ಪಾಚಿ ಕೂತ ಬಿಳಿ ತಾರಸಿ ಒಂದೆರಡು ವರ್ಷದಲ್ಲಿ ತನ್ನ ಗುಣದ ಒಳ್ಳೆಯ ಪಾಲನ್ನು ಕಳೆದುಕೊಳ್ಳುವುದರಿಂದ, ಶಿವರಾತ್ರಿಯ ಹೊತ್ತಿಗೆ ಒಮ್ಮೆ ಉಜ್ಜಿ ತೊಳೆಯುವುದು, ಸುಣ್ಣವಾದರೆ ಹೊಸದಾಗಿ ಬಳಿಯುವುದು ಅಗತ್ಯ.

ಹಂಚಿನ ಮನೆಗಳವರ ತಪ್ಪು ಇದಕ್ಕೆ ತಿರುಗುಮುರುಗು. ಧೂಳು, ಇಲಿ, ಮಂಗಗಳ ಕಾಟಕ್ಕೆ ಬೇಸತ್ತು ಹಂಚಿನಡಿಯ ಸಂದುಗಳನ್ನೂ ತ್ರಿಕೋನ ಗೋಡೆಯ ಕಿಂಡಿಗಳನ್ನೂ ಮುಚ್ಚಿದಾಗ, ಮೇಲೇರಿದ ಬಿಸಿಗಾಳಿಗೆ ಹೊರಹೋಗುವ ದಾರಿಯೇ ಇಲ್ಲದಂತಾಗುತ್ತದೆ. ಕಿಂಡಿಗೆ ಜಾಲರಿ ಹೊಡೆಸಿದರೆ ಇಲಿಯೂ ಬಾರದು, ಗಾಳಿಯೂ ನಿಲ್ಲದು.

ನಿರೋಧಕದ ಇನ್ನೊಂದು ಮುಖವನ್ನು ಮಾರುವವರು ಹೇಳುವುದು ಕಡಿಮೆ. ಹೊರಗಿನ ಶಾಖವನ್ನು ಹಗಲು ತಡೆಯುವ ಪದರವೇ ಅಡುಗೆ, ಫ್ರಿಜ್ಜು, ಜನರ ಮೈಗಳಿಂದ ಒಳಗೆ ಹುಟ್ಟಿದ ಶಾಖವನ್ನು ರಾತ್ರಿ ಹಿಡಿದಿಡುತ್ತದೆ. ಬಯಲುಸೀಮೆಯಲ್ಲಿ ರಾತ್ರಿ ಗಾಳಿ ತಂಪಾಗುವುದರಿಂದ, ಕತ್ತಲಾದ ಮೇಲೆ ಕಿಟಕಿ, ಗವಾಕ್ಷಿಗಳನ್ನು ತೆರೆದು ಬೆಳಗ್ಗೆ ಬಿಸಿಲೇರುವ ಮೊದಲು ಮುಚ್ಚುವ ರೂಢಿಯಿಲ್ಲದಿದ್ದರೆ ಎಂಥ ಛಾವಣಿಯೂ ಅರ್ಧ ಫಲವನ್ನಷ್ಟೇ ಕೊಡುತ್ತದೆ. ಪಶ್ಚಿಮದ ಗೋಡೆಯ ಸಮಸ್ಯೆಯೂ ಬೇರೆಯೇ. ಸಂಜೆಯ ಓರೆ ಬಿಸಿಲಿಗೆ ಕಿಟಕಿಯ ಸಜ್ಜಾ ಅಡ್ಡ ಬರುವುದಿಲ್ಲ, ಅಲ್ಲಿ ಬೇಕಾದದ್ದು ಮರ, ಬಳ್ಳಿಯ ಚಪ್ಪರ ಅಥವಾ ಹೊರಗಿನಿಂದ ಇಳಿಬಿಡುವ ಬಿದಿರಿನ ತಟ್ಟಿ.

ಹೊಸದಾಗಿ ಕಟ್ಟುವವರಿಗೆ ಸ್ಲ್ಯಾಬಿನೊಳಗೇ ಉತ್ತರ ಹುಡುಕುವ ದಾರಿಯೂ ಇದೆ. ಕಾಂಕ್ರೀಟಿನ ಕೆಳಭಾಗ ಬಲಕ್ಕೆ ಅಷ್ಟಾಗಿ ನೆರವಾಗುವುದಿಲ್ಲ, ಅಲ್ಲಿನ ಎಳೆತವನ್ನು ಹೊರುವುದು ಸರಳುಗಳು ಎಂಬ ತತ್ವದ ಮೇಲೆ, ಸರಳುಗಳ ನಡುವೆ ಮಂಗಳೂರು ಹಂಚುಗಳನ್ನು ಜೋಡಿಯಾಗಿ ಇಟ್ಟು ಕಾಂಕ್ರೀಟನ್ನು ಉಳಿಸುವ ಫಿಲ್ಲರ್ ಸ್ಲ್ಯಾಬನ್ನು ಕೇರಳದಲ್ಲಿ ಲಾರಿ ಬೇಕರ್ ಜನಪ್ರಿಯಗೊಳಿಸಿದರು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ಅಸ್ತ್ರ ಕೇಂದ್ರದಿಂದ ಹೊಮ್ಮಿದ ಒತ್ತುಮಣ್ಣಿನ ಇಟ್ಟಿಗೆಯ ಜೊತೆಗೆ ಈ ಸ್ಲ್ಯಾಬೂ ಕರ್ನಾಟಕದ ಹಲವು ಮನೆಗಳಿಗೆ ಬಂದಿತು. ಜೋಡಿ ಹಂಚಿನ ನಡುವಿನ ಗಾಳಿ ಸ್ವಲ್ಪ ತಡೆಯೊಡ್ಡುತ್ತದೆ, ಆದರೆ ಹಂಚುಗಳ ನಡುವಿನ ಕಾಂಕ್ರೀಟಿನ ಪಟ್ಟಿಗಳ ಮೂಲಕ ಶಾಖ ಇಳಿಯುತ್ತಲೇ ಇರುವುದರಿಂದ ಇದನ್ನು ಪೂರ್ಣ ನಿರೋಧಕವೆಂದು ಎಣಿಸಬಾರದು. ಮೇಲೆ ಬಿಳಿಯ ಲೇಪವಾದರೂ ಬೇಕು. ಇನ್ನು ಛಾವಣಿಗೆ 1.2ರ ಮಿತಿ ವಿಧಿಸಿದ ಇಕೋ-ನಿವಾಸ್ ಸಂಹಿತೆಯಾದರೋ ರಾಜ್ಯಗಳು ತಮ್ಮ ಕಟ್ಟಡ ಬೈಲಾಗಳಿಗೆ ಅದನ್ನು ಅಳವಡಿಸಿಕೊಂಡಾಗಲೇ ಮನೆ ಕಟ್ಟುವವರ ಮೇಲೆ ಕಡ್ಡಾಯವಾಗುವಂಥದು.

ಈಗಾಗಲೇ ಕಟ್ಟಿದ ತಾರಸಿಯ ಮೇಲೆ ಜಲನಿರೋಧಕ, ನೊರೆಹಲಗೆ, ಇಳಿಜಾರಿನ ಗಾರೆ, ಬಿಳಿ ಹೆಂಚು ಎಂದು ಪದರಗಳು ಏರುವಾಗ ನೆಲದ ಮಟ್ಟ ಮೂರು-ನಾಲ್ಕು ಅಂಗುಲ ಮೇಲೆ ಬರುತ್ತದೆ. ಮೆಟ್ಟಿಲಕೋಣೆಯ ಬಾಗಿಲ ಹೊಸ್ತಿಲು, ಮಳೆನೀರಿನ ಕೊಳವೆಯ ಬಾಯಿ, ಪ್ಯಾರಪೆಟ್ಟಿನ ಎತ್ತರ ಈ ಮೂರನ್ನೂ ಕೆಲಸ ಶುರುವಾಗುವ ಮೊದಲೇ ಅಳೆದು ಏರಿಸದಿದ್ದರೆ, ಬೇಸಿಗೆ ಕಳೆದು ಬರುವ ಮೊದಲ ಮಳೆಯ ನೀರು ಕೊಳವೆಗೆ ಹೋಗುವ ಬದಲು ಮೆಟ್ಟಿಲಿಳಿದು ನಡುಮನೆಗೆ ಬರುತ್ತದೆ.