ಮಂಚ ತಗ್ಗಿಸಲು ಮರೆತ ದಿನ

ಸೊಂಟ ಹಿಡಿದುಕೊಂಡು ಹೋದವರಿಗೆ ಫಿಸಿಯೋಥೆರಪಿಸ್ಟ್ ಹೇಳಿಕೊಡುವ ವ್ಯಾಯಾಮಗಳಲ್ಲಿ ಒಂದು ಹೀಗಿದೆ: ಬೋರಲು ಮಲಗಿ, ಅಂಗೈಗಳನ್ನು ಊರಿ, ಸೊಂಟವನ್ನು ಸಡಿಲ ಬಿಟ್ಟು ಎದೆಯನ್ನಷ್ಟೇ ಮೇಲೆತ್ತಬೇಕು. ಯೋಗ ಬಲ್ಲವರು ಇದು ಭುಜಂಗಾಸನವಲ್ಲವೇ ಎನ್ನುತ್ತಾರೆ. ನೋಡಲು ಹಾಗೆಯೇ ಇದೆ. ಆದರೆ ಬೆನ್ನುನೋವಿನ ಚಿಕಿತ್ಸೆಯಲ್ಲಿ ಇದು ಇಷ್ಟು ಬಳಕೆಗೆ ಬಂದದ್ದು ನ್ಯೂಜಿಲೆಂಡಿನ ವೆಲಿಂಗ್ಟನ್ ನಗರದ ಕ್ಲಿನಿಕ್ಕೊಂದರಲ್ಲಿ ನಡೆದ ಎಡವಟ್ಟಿನಿಂದ.

ಅದು 1956ನೇ ಇಸವಿ. ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿಗೆ ಆಗ ಇಪ್ಪತ್ತೈದರ ಆಸುಪಾಸು. ಮುಂದೆ ಅವರು ‘ಮಿಸ್ಟರ್ ಸ್ಮಿತ್’ ಎಂದೇ ನೆನೆಯುತ್ತಿದ್ದ ರೋಗಿಗೆ ಬೆನ್ನಿನಲ್ಲಿ ಹುಟ್ಟಿದ ನೋವು ತೊಡೆ ಹಾದು ಮೊಣಕಾಲಿನವರೆಗೂ ಇಳಿದಿತ್ತು. ಮುಂದಕ್ಕೆ ಬಗ್ಗಬಲ್ಲರು, ಹಿಂದಕ್ಕೆ ಬಾಗಲಾರರು. ಮೂರು ವಾರ ಚಿಕಿತ್ಸೆ ಕೊಟ್ಟರೂ ಗುಣ ಕಾಣಲಿಲ್ಲ. ಒಳಗೆ ಹೋಗಿ ಬೋರಲು ಮಲಗಿರುವಂತೆ ಹೇಳಿ ಮೆಕೆಂಜಿ ಬೇರೆ ಕೆಲಸದಲ್ಲಿ ತೊಡಗಿದರು. ಹಿಂದಿನ ರೋಗಿಗಾಗಿ ಎತ್ತರಿಸಿದ್ದ ಮಂಚದ ತಲೆಭಾಗ ಹಾಗೆಯೇ ಉಳಿದಿತ್ತು. ಸ್ಮಿತ್ ಅದರ ಮೇಲೆಯೇ ಬೋರಲಾದರು. ಬೆನ್ನು ಪೂರ್ತಿ ಹಿಂದಕ್ಕೆ ಬಾಗಿತು.

ಐದು ನಿಮಿಷದ ಬಳಿಕ ಒಳಗೆ ಬಂದ ಮೆಕೆಂಜಿಗೆ ಎದೆ ಧಸಕ್ಕೆಂದಿತು. ಬೆನ್ನುನೋವಿನವರು ಹಿಂದಕ್ಕೆ ಬಾಗಿದರೆ ಅಪಾಯ ಎಂಬುದು ಆ ಕಾಲದ ನಂಬಿಕೆ. ಅಮೆರಿಕದ ಮೂಳೆವೈದ್ಯ ಪಾಲ್ ವಿಲಿಯಮ್ಸ್ 1930ರ ದಶಕದಲ್ಲಿ ರೂಪಿಸಿದ, ಮುಂದಕ್ಕೆ ಬಗ್ಗುವ ವ್ಯಾಯಾಮಗಳೇ ಚಾಲ್ತಿಯಲ್ಲಿದ್ದವು. ಸ್ಮಿತ್ ಮಾತ್ರ, ಮೂರು ವಾರದಲ್ಲಿ ಇಷ್ಟು ಹಾಯೆನಿಸಿದ್ದು ಇದೇ ಮೊದಲು ಎಂದರು. ಕಾಲಿನ ನೋವು ಹೋಗಿತ್ತು, ಬೆನ್ನಿನ ನಡುವೆ ಮಾತ್ರ ಉಳಿದಿತ್ತು. ಮರುದಿನ ಬೇಕೆಂದೇ ಹಾಗೆ ಮಲಗಿಸಿದಾಗ ಅದೂ ಇಳಿಯಿತು.

ಅದೃಷ್ಟ ಎಂದು ಸುಮ್ಮನಾಗಬಹುದಿತ್ತು. ಮೆಕೆಂಜಿ ಸುಮ್ಮನಾಗಲಿಲ್ಲ. ಮುಂದೆ ಬಂದ ರೋಗಿಗಳನ್ನು ಬೇರೆ ಬೇರೆ ದಿಕ್ಕಿಗೆ ಮತ್ತೆ ಮತ್ತೆ ಬಾಗಿಸಿ, ಪ್ರತಿ ಸಲವೂ ನೋವು ಎಲ್ಲಿಗೆ ಸರಿಯಿತೆಂದು ಕೇಳತೊಡಗಿದರು. ಮೀನಖಂಡ, ತೊಡೆಗಳನ್ನು ಬಿಟ್ಟು ಬೆನ್ನಿನ ನಡುಭಾಗಕ್ಕೆ ಬಂದರೆ, ಅಲ್ಲಿ ತುಸು ಹೆಚ್ಚಾದರೂ, ಅದು ಒಳ್ಳೆಯ ಲಕ್ಷಣ. ಕಾಲಿನತ್ತ ಹರಡಿದರೆ ಆ ವ್ಯಾಯಾಮ ನಿಲ್ಲಿಸಬೇಕು. ನೋವು ಹೀಗೆ ಬೆನ್ನಿನ ನಡುಭಾಗಕ್ಕೆ ಸರಿಯುವುದನ್ನೇ ಅವರು ಸೆಂಟ್ರಲೈಸೇಷನ್ ಎಂದರು. ಹೆಚ್ಚಿನವರಿಗೆ ಹಿಂದಕ್ಕೆ ಬಾಗುವುದು ಒಗ್ಗಿತು, ಕೆಲವರಿಗೆ ಮುಂದಕ್ಕೆ, ಇನ್ನು ಕೆಲವರಿಗೆ ಪಕ್ಕಕ್ಕೆ. ಹೀಗೆ ಯಾವ ಕಡೆ ಬಾಗಬೇಕೆಂಬುದನ್ನು ರೋಗಿಯ ನೋವೇ ಹೇಳತೊಡಗಿತು.

ದಿಕ್ಕು ಗೊತ್ತಾದ ಮೇಲೆ ಮನೆಯಲ್ಲಿ ತಾವೇ ಮಾಡಿಕೊಳ್ಳಲು ಮಂಚವೂ ಬೇಡ, ಯಂತ್ರವೂ ಬೇಡ. 1980ರಲ್ಲಿ ಬಂದ ‘ಟ್ರೀಟ್ ಯುವರ್ ಓನ್ ಬ್ಯಾಕ್’ ಪುಸ್ತಕವನ್ನು ಮೆಕೆಂಜಿ ರೋಗಿಗಳಿಗಾಗಿಯೇ ಬರೆದರು. ಮರುವರ್ಷ ವೃತ್ತಿಯವರಿಗಾಗಿ ಇನ್ನೊಂದು ಗ್ರಂಥ, 1982ರಲ್ಲಿ ತರಬೇತಿಗೆಂದು ಒಂದು ಸಂಸ್ಥೆ. 2013ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಈ ಪದ್ಧತಿ ಹಲವು ದೇಶಗಳಿಗೆ ಹಬ್ಬಿತ್ತು.

ಅವರು ಕೊಟ್ಟ ವಿವರಣೆಯೆಲ್ಲ ನಿಂತಿಲ್ಲ. ಕಶೇರುಗಳ ನಡುವಿನ ಡಿಸ್ಕಿನ ತಿರುಳು ಮುಂದಕ್ಕೆ ಬಗ್ಗಿದಾಗ ಹಿಂದೆ ಸರಿಯುತ್ತದೆ, ಹಿಂದಕ್ಕೆ ಬಾಗಿದಾಗ ಸ್ವಸ್ಥಾನಕ್ಕೆ ಮರಳುತ್ತದೆ ಎಂದು ಅವರು ತರ್ಕಿಸಿದ್ದರು. ಆರೋಗ್ಯವಂತ ಡಿಸ್ಕುಗಳಲ್ಲಿ ಎಂಆರ್‌ಐ ಇದನ್ನು ಬಹುಮಟ್ಟಿಗೆ ಒಪ್ಪುತ್ತದೆ. ಸವೆದ ಡಿಸ್ಕುಗಳಲ್ಲಿ ಲೆಕ್ಕ ತಪ್ಪುತ್ತದೆ. ಹೊಸದಾಗಿ ಕಾಣಿಸಿಕೊಂಡ ಸಾಮಾನ್ಯ ಸೊಂಟನೋವಿನಲ್ಲಿ ಈ ಪದ್ಧತಿಯಿಂದ ಹೇಳಿಕೊಳ್ಳುವಂಥ ಲಾಭವಿಲ್ಲ ಎಂದು ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿದ 2023ರ ಕಾಕ್ರೇನ್ ವಿಮರ್ಶೆಯೂ ಹೇಳಿತು. ಆದರೂ ನೋವು ಬೆನ್ನಿನ ನಡುವಿಗೆ ಸರಿಯುವವರು ಬೇಗ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು ಎಂಬುದನ್ನು ಅನೇಕ ಅಧ್ಯಯನಗಳು ಕಂಡಿವೆ.

ಆದ್ದರಿಂದ ವಿಡಿಯೋ ನೋಡಿ ಬೋರಲಾಗುವ ಮುನ್ನ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಕಾಲಿನ ಶಕ್ತಿ ಕುಂದುತ್ತಿದ್ದರೆ, ತೊಡೆಸಂದಿ ಜೋಮು ಹಿಡಿದಿದ್ದರೆ, ಮೂತ್ರ ಹಿಡಿತ ತಪ್ಪಿದ್ದರೆ ವ್ಯಾಯಾಮದ ಮಾತೇ ಬೇಡ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಿಕ್ಕವರು ಫಿಸಿಯೋಥೆರಪಿಸ್ಟ್ ಬಳಿ ಹೋದಾಗ ನೋವು ಎಷ್ಟಿದೆ ಎಂಬುದರ ಜೊತೆಗೆ, ಯಾವ ಕಡೆ ಬಾಗಿದರೆ ಅದು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಹೇಳಲಿ. ಚಿಕಿತ್ಸೆಯ ಅರ್ಧ ದಾರಿ ಅಲ್ಲೇ ಸವೆಯುತ್ತದೆ.