ಹಿತ್ತಲ ಗಿಡವೇ ಮದ್ದು

ತಿರುಪತಿಯಲ್ಲಿ ಭಕ್ತರು ಒಪ್ಪಿಸುವ ಮುಡಿಯೇ ಬೊಕ್ಕತಲೆಯವರ ನೆತ್ತಿಯಲ್ಲಿ ನಾಟಿಯಾಗುತ್ತದೆಂದು ಭಾವಿಸುವವರು ನಮ್ಮ ನಡುವೆ ಇಲ್ಲದಿಲ್ಲ. ಆ ಕೂದಲು ಹರಾಜಾಗಿ ಟೋಪನ್ನು, ಚೌರಿಗಳ ತಯಾರಿಕೆಗೆ ಹೋಗುವುದು ನಿಜ. ಆದರೆ ಕ್ಷೌರದ ಕತ್ತಿಗೆ ಸಿಗುವುದು ನಿರ್ಜೀವವಾದ ಎಳೆ ಮಾತ್ರ. ಬೆಳೆಯುವ ಶಕ್ತಿ ಚರ್ಮದೊಳಗಿನ ರೋಮಕೂಪದಲ್ಲಿದೆ. ಪರರ ರೋಮಕೂಪವನ್ನು ತಂದು ನೆಟ್ಟರೆ ನಮ್ಮ ದೇಹವು ಅದನ್ನು ಅನ್ಯವೆಂದರಿತು ತಿರಸ್ಕರಿಸುತ್ತದೆ. ಆದುದರಿಂದ ಕೂದಲು ಕಸಿಯಲ್ಲಿ ದಾನಿಯೂ ತಾನೇ, ದಾನ ಪಡೆಯುವವನೂ ತಾನೇ.

ತನ್ನ ತಲೆಯಲ್ಲಿಯೇ ಎಲ್ಲಿಂದ ತೆಗೆಯುವುದು? ಎಂತಹ ಬೋಳುತಲೆಯಲ್ಲಿಯೂ ಸಾಮಾನ್ಯವಾಗಿ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ, ಹಿಂದಲೆಯನ್ನು ಬಳಸಿ, ಕುದುರೆಲಾಳದ ಆಕಾರದ ಪಟ್ಟಿಯೊಂದು ಉಳಿದಿರುತ್ತದೆ. ಪುರುಷರ ವಂಶಪಾರಂಪರ್ಯದ ಬೊಕ್ಕತಲೆಗೆ ಕಾರಣವಾದ ಡೈಹೈಡ್ರೋಟೆಸ್ಟೋಸ್ಟಿರೋನ್ ಎಂಬ ಹಾರ್ಮೋನು ನೆತ್ತಿಯ ರೋಮಕೂಪಗಳನ್ನು ವರ್ಷದಿಂದ ವರ್ಷಕ್ಕೆ ಕುಗ್ಗಿಸುತ್ತದೆ. ಹಿಂದಲೆಯವು ಅದಕ್ಕೆ ಅಷ್ಟಾಗಿ ಮಣಿಯುವುದಿಲ್ಲ. ಜಪಾನಿನ ಓಕುಡಾ ಎಂಬ ವೈದ್ಯರು 1939ರಷ್ಟು ಹಿಂದೆಯೇ ಸುಟ್ಟ ಗಾಯದ ಕಲೆಗಳಲ್ಲಿ ಕೂದಲು ನೆಟ್ಟ ವಿವರವನ್ನು ಪ್ರಕಟಿಸಿದ್ದರೂ ಯುದ್ಧಕಾಲದ ಗದ್ದಲದಲ್ಲಿ ಅದು ಪಾಶ್ಚಾತ್ಯರ ಗಮನಕ್ಕೆ ಬರಲಿಲ್ಲ. ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಓರೆಂಟ್ರೈಕ್ 1952ರಲ್ಲಿ ಹಿಂದಲೆಯ ಕೂದಲನ್ನು ಬೋಳು ಭಾಗಕ್ಕೆ ನೆಟ್ಟು, 1959ರಲ್ಲಿ ಅದರ ಫಲಿತಾಂಶವನ್ನು ಲೋಕದ ಮುಂದಿಟ್ಟರು. ಎಲ್ಲಿ ನೆಟ್ಟರೂ ಕೂದಲು ತಾನು ಹುಟ್ಟಿದ ತಾಣದ ಗುಣವನ್ನು ಬಹುಮಟ್ಟಿಗೆ ಬಿಡುವುದಿಲ್ಲವೆಂಬುದೇ ಅವರು ಕಂಡ ಸತ್ಯ. ಹೊರನಾಡಿನಲ್ಲಿ ನೆಲೆಸಿಯೂ ಹುಟ್ಟೂರಿನ ನುಡಿಯನ್ನು ಬಿಡದ ನಮಗೆ ಇದೇನೂ ಸೋಜಿಗವಲ್ಲ!

ತೆಗೆಯುವ ಕ್ರಮಗಳು ಎರಡು. ಹಿಂದಲೆಯ ಚರ್ಮದ ಕಿರಿದಾದ ಪಟ್ಟಿಯೊಂದನ್ನು ಕೊಯ್ದು, ಗಾಯಕ್ಕೆ ಹೊಲಿಗೆ ಹಾಕಿ, ಪಟ್ಟಿಯನ್ನು ಸೂಕ್ಷ್ಮದರ್ಶಕದಡಿ ಬಿಡಿಸುವುದು ಒಂದು. ಸುಮಾರು 1 ಮಿಲಿಮೀಟರ್ ವ್ಯಾಸದ ಕೊಳವೆಯಂತಹ ಉಪಕರಣದಿಂದ, 1ರಿಂದ 4 ಕೂದಲುಗಳಿರುವ ಗುಂಪುಗಳನ್ನು ಒಂದೊಂದಾಗಿ ಹೊರತೆಗೆಯುವುದು ಇನ್ನೊಂದು. ಸಾಲದಾದಾಗ ಗಡ್ಡದಿಂದಲೂ ಎದೆಯಿಂದಲೂ ತೆಗೆಯುವುದುಂಟು.

ನಮ್ಮ ಬ್ಯಾಂಕಿನ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಹೊಸ ಠೇವಣಿಯಲ್ಲ, ಒಂದು ಖಾತೆಯಿಂದ ಮತ್ತೊಂದು ಖಾತೆಗೆ ಮಾಡಿದ ವರ್ಗಾವಣೆ. ರೋಮಕೂಪವನ್ನು ತೆಗೆದ ಸ್ಥಳದಲ್ಲಿ ಅದು ಮತ್ತೆ ಹುಟ್ಟುವುದಿಲ್ಲ. ಮಿತಿಮೀರಿ ತೆಗೆದರೆ ಹಿಂದಲೆಯೇ ಬರಿದಾಗಿ ಕಾಣತೊಡಗುತ್ತದೆ. ಕೂದಲು ಕಸಿಗೆಂದು ವೈಯಕ್ತಿಕ ಸಾಲ ಕೇಳಿಕೊಂಡು ಬರುವ ಇಪ್ಪತ್ತೈದರ ಆಸುಪಾಸಿನ ತರುಣರನ್ನು ಕಂಡಾಗ ನನಗೆ ಚಿಂತೆಯಾಗುವುದು ಸಾಲದ ವಸೂಲಿಯ ಬಗ್ಗೆ ಅಲ್ಲ, ಈ ಮೂಲಧನದ ಬಗ್ಗೆ. ಆ ವಯಸ್ಸಿನಲ್ಲಿ ಕೂದಲುದುರುವಿಕೆ ಎಲ್ಲಿಗೆ ನಿಲ್ಲುವುದೆಂದು ಹೇಳಬರುವುದಿಲ್ಲ. ಮುಂದಲೆಯನ್ನು ಒತ್ತಾಗಿ ತುಂಬಿಸಿಕೊಂಡ ಬಳಿಕ ನೆತ್ತಿಯೂ ಬೋಳಾದರೆ, ನೆಟ್ಟ ಕೂದಲು ನಡುಗಡ್ಡೆಯಂತೆ ಉಳಿದು, ತೆಗೆಯಲು ಹಿಂದಲೆಯಲ್ಲಿ ಶಿಲ್ಕು ಇರುವುದಿಲ್ಲ. ಆದ್ದರಿಂದ ವೈದ್ಯರನ್ನು ಕೇಳಬೇಕಾದ ಮೊದಲ ಪ್ರಶ್ನೆ ದರದ್ದಲ್ಲ: ‘ನನ್ನ ಹಿಂದಲೆಯಲ್ಲಿ ಎಷ್ಟಿದೆ, ಎಷ್ಟು ತೆಗೆಯುವಿರಿ, ಎಷ್ಟು ಉಳಿಯುತ್ತದೆ?’ ಉತ್ತರಿಸುವವರು ಶಸ್ತ್ರಚಿಕಿತ್ಸೆಯಲ್ಲಿ ತರಬೇತಿ ಪಡೆದ ವೈದ್ಯರೇ ಎಂಬುದನ್ನೂ ವಿಚಾರಿಸಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಆಶಯವೂ ಅದೇ.

ಇನ್ನೊಂದು ಮಾತು. ನೆಟ್ಟ ಕೆಲವೇ ವಾರಗಳಲ್ಲಿ ಆ ಕೂದಲು ಬಹುಪಾಲು ಉದುರುತ್ತದೆ; ಹಣವೆಲ್ಲ ನೀರುಪಾಲಾಯಿತೆಂದು ಹಲವರು ಕಂಗಾಲಾಗುತ್ತಾರೆ. ಉದುರಿದ್ದು ಎಳೆ, ಬೇರು ಒಳಗೇ ಇರುತ್ತದೆ. 3-4 ತಿಂಗಳಲ್ಲಿ ಹೊಸ ಎಳೆ ತಲೆಯೆತ್ತುತ್ತದೆ, ಪೂರ್ಣ ಫಲ ಕಾಣಲು ವರ್ಷವೇ ಹಿಡಿಯುತ್ತದೆ.