ಮನೆಯೆಂಬ ಇಗರ್ಜಿ

ದಕ್ಷಿಣ ಕನ್ನಡದ ಕಥೋಲಿಕರ ಮಾತು ಬಂದಾಗ ನಮ್ಮ ಕಣ್ಣಿಗೆ ಮೊದಲು ಕಟ್ಟುವುದು ಇಗರ್ಜಿ. ಗುಡ್ಡದ ನೆತ್ತಿಯಲ್ಲಿ ಬೆಳ್ಳಗೆ ನಿಂತ ಅದರ ಮುಖಮಂಟಪ, ಗಂಟೆಯ ಗೋಪುರ, ಆದಿತ್ಯವಾರದ ಬೆಳಗ್ಗೆ ಕೊಡೆ ಹಿಡಿದು ಗದ್ದೆಯ ಹುಣಿಯ ಮೇಲೆ ಸಾಲುಗಟ್ಟಿ ಸಾಗುವ ಜನ; ನೋಟವೇನೋ ಚೆಲುವಾದುದೇ. ಆದರೆ ಈ ಜನರ ಧರ್ಮಜೀವನದ ಬೇರನ್ನು ಅರಸುವವರು ಇಗರ್ಜಿಯ ಬಾಗಿಲಲ್ಲಿ ನಿಂತರೆ ಸಾಲದು. ಸಂಜೆ ದೀಪ ಹಚ್ಚಿದ ಮೇಲೆ ಅವರ ಮನೆಯ ಚಾವಡಿಗೆ ಬರಬೇಕು.

ಚಾವಡಿಯ ಗೋಡೆಯಲ್ಲಿ ಒಂದು ಪೀಠ. ಅದನ್ನು ಅವರು ‘ಆಲ್ತಾರ್’ ಎನ್ನುತ್ತಾರೆ. ಒಂದು ಶಿಲುಬೆ, ಯೇಸುವಿನ ಪವಿತ್ರ ಹೃದಯದ ಪಟ, ಮರಿಯ ಮಾತೆಯ ಪುಟ್ಟ ಪ್ರತಿಮೆ, ಅಂಗಳದಲ್ಲಿ ಬಿಟ್ಟ ನಾಲ್ಕು ಹೂವು. ಅದರ ಮುಂದೆ ಮನೆಮಂದಿಯೆಲ್ಲ ಮೊಣಕಾಲೂರಿ ಹೇಳುವ ಜಪಕ್ಕೆ ‘ತೆರ್ಸ್’ ಎಂದು ಹೆಸರು. ಪೋರ್ತುಗೀಸರ ನುಡಿಯಲ್ಲಿ ಆ ಮಾತಿಗೆ ಮೂರರಲ್ಲೊಂದು ಪಾಲು ಎಂದರ್ಥ. ಪೂರ್ಣ ಜಪಸರಕ್ಕೆ 15 ದಶಕಗಳಿದ್ದ ಕಾಲದಲ್ಲಿ ದಿನಕ್ಕೆ ಹೇಳುತ್ತಿದ್ದುದು 5 ಮಾತ್ರ. 2002ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಇನ್ನೂ 5 ರಹಸ್ಯಗಳನ್ನು ಸೇರಿಸಿದ ಮೇಲೆ ಲೆಕ್ಕದ ಪ್ರಕಾರ ಅದು ನಾಲ್ಕರಲ್ಲೊಂದು ಪಾಲಾಯಿತು. ಆದರೆ ನಮ್ಮ ಕರಾವಳಿಯ ಅಜ್ಜಿಯರು ಹೆಸರು ಬದಲಿಸುವ ಗೋಜಿಗೆ ಹೋಗಲಿಲ್ಲ.

ಈ ಜಪದಲ್ಲಿ ಏಕಾಗ್ರತೆಯನ್ನು ನಿರೀಕ್ಷಿಸಿ ಹೋದವರಿಗೆ ನಿರಾಶೆಯಾದೀತು. ಒಲೆಯ ಮೇಲೆ ಗಂಜಿ ಕುದಿಯುತ್ತಿರುತ್ತದೆ. ಮೂರನೆಯ ದಶಕಕ್ಕೆ ಕಿರಿಯ ಹುಡುಗ ತೂಕಡಿಸುತ್ತಾನೆ. ಅಕ್ಕನ ಮೊಣಕೈ ಅವನನ್ನು ಎಚ್ಚರಿಸುತ್ತದೆ. ಜಪ ಮುಗಿಯಿತೆನ್ನುವಾಗ ಅಜ್ಜಿಯ ಪಟ್ಟಿ ಆರಂಭ: ತೀರಿಹೋದ ಗಂಡನಿಗಾಗಿ ಒಂದು, ಕೂಸಾಗಿರುವಾಗಲೇ ಹೋದ ಮಗುವಿಗಾಗಿ ಒಂದು, ಹಾಸಿಗೆ ಹಿಡಿದ ನೆರೆಯವಳಿಗಾಗಿ ಒಂದು, ಯಾರೂ ನೆನೆಯದ ಆತ್ಮಗಳಿಗಾಗಿ ಒಂದು. ಮಕ್ಕಳು ತಮ್ಮ ವಂಶಾವಳಿಯನ್ನು ಕಲಿಯುವುದು ಹೀಗೆ, ಹಸಿದ ಹೊಟ್ಟೆಯಲ್ಲಿ, ಮೊಣಕಾಲು ನೋಯುತ್ತಿರುವಾಗ.

ಅನಂತರದ್ದು ‘ಬೆಸಾಂವ್’. ಕಿರಿಯರು ಹಿರಿಯರ ಮುಂದೆ ಕೈಜೋಡಿಸಿ ಆಶೀರ್ವಾದ ಬೇಡಬೇಕು, ಹಿರಿಯರು ಹರಸಬೇಕು. ಇದು ಬರಿಯ ಶಿಷ್ಟಾಚಾರವೆಂದು ತೋರಬಹುದು. ಆದರೆ ಬೆಳಗ್ಗಿನಿಂದ ಮಗನೊಡನೆ ಮಾತು ಬಿಟ್ಟ ತಂದೆಯನ್ನು ಊಹಿಸಿಕೊಳ್ಳಿರಿ. ಮಗ ಎದುರು ಬಂದು ಕೈಮುಗಿದಾಗ ಅವನು ಬಾಯಿ ತೆರೆಯಲೇಬೇಕು, ತೆರೆದ ಬಾಯಿಯಿಂದ ಹರಕೆಯ ಮಾತೇ ಬರಬೇಕು. ಅತ್ತೆ ಸೊಸೆಯರ ನಡುವೆಯೂ ಇದೇ ಕಟ್ಟು. ಮನಸ್ಸು ಕೂಡಲೇ ತಿಳಿಯಾಗುವುದೆಂದು ನಾನು ಹೇಳಲಾರೆ. ಜಗಳ ಮರುದಿನ ಮತ್ತೆ ತಲೆಯೆತ್ತಬಹುದು. ಆದರೂ ಮುನಿಸಿಗೆ ದಿನಕ್ಕೊಂದು ಗಡಿ ಹಾಕಿಕೊಟ್ಟ ಆ ಹಿರಿಯರಿಗೆ ಸಂಸಾರದ ಗುಟ್ಟು ಗೊತ್ತಿತ್ತು.

ಮನೆಗೆ ಇಷ್ಟು ಭಾರ ಬಿದ್ದುದು ಏಕೆ? ಒಂದು ಕಾರಣ ಭಾಷೆ. ಎರಡನೆಯ ವತಿಕಾನ್ ಮಹಾಸಭೆ 1963ರಲ್ಲಿ ದೇಶಭಾಷೆಗಳಿಗೆ ದಾರಿ ಬಿಡುವ ತನಕ ಇಗರ್ಜಿಯ ಪೂಜೆ ನಡೆಯುತ್ತಿದ್ದುದು ಲ್ಯಾಟಿನ್‌ನಲ್ಲಿ. ಗದ್ದೆ ಉಳುವವನಿಗೆ ದೇವರೊಡನೆ ತನ್ನ ಕೊಂಕಣಿಯಲ್ಲಿ ಮಾತನಾಡಲು ಸಿಕ್ಕಿದ ಸ್ಥಳ ಚಾವಡಿ. ಸಾಹಿತ್ಯವೂ ಅಲ್ಲಿಗೇ ಬಂದಿತು: ಇಂಗ್ಲೆಂಡಿನಿಂದ ಗೋವೆಗೆ ಬಂದ ಪಾದ್ರಿ ಥಾಮಸ್ ಸ್ಟೀಫನ್ಸ್ 1616ರಲ್ಲಿ ಓವಿಗಳಲ್ಲಿ ಪ್ರಕಟಿಸಿದ ‘ಕ್ರಿಸ್ತಪುರಾಣ’ದ ಅಚ್ಚಿನ ಪ್ರತಿಗಳು ಅಳಿದ ಮೇಲೂ ಕೈಬರಹದ ಪ್ರತಿಗಳು ಉಳಿದುವು, 1907ರಲ್ಲಿ ಜೋಸೆಫ್ ಸಲ್ದಾನ್ಹಾ ಅಂಥವುಗಳಿಂದಲೇ ಅದನ್ನು ಮಂಗಳೂರಿನಲ್ಲಿ ಮತ್ತೆ ಅಚ್ಚಿಗೆ ತಂದರು.

ಇನ್ನೊಂದು ಕಾರಣ ಇತಿಹಾಸದ್ದು, ಕಹಿಯಾದುದು. ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ 1784ರ ಫೆಬ್ರವರಿಯಲ್ಲಿ ಟಿಪ್ಪೂ ಸುಲ್ತಾನನ ಆಜ್ಞೆಯಂತೆ ಕೆನರಾದ ಕಥೋಲಿಕರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಪಾದ್ರಿಗಳು ಗಡೀಪಾರಾದರು, ಇಗರ್ಜಿಗಳಲ್ಲಿ ಹೆಚ್ಚಿನವು ನೆಲಸಮವಾದುವು. 1799ರಲ್ಲಿ ಸುಲ್ತಾನನು ಮಡಿದ ಬಳಿಕ ಬದುಕಿ ಉಳಿದವರು ಊರಿಗೆ ಮರಳಿದರು. ನಡುವಣ 15 ವರ್ಷ ಅವರಿಗೆ ನಿಯತವಾದ ಪೂಜೆಯಿಲ್ಲ, ಪಾಪನಿವೇದನೆಗೆ ಗುರುವಿಲ್ಲ. ಅಗತ್ಯ ಬಿದ್ದಾಗ ದೀಕ್ಷಾಸ್ನಾನವನ್ನು ಯಾವ ಗೃಹಸ್ಥನೂ ಕೊಡಬಹುದೆಂಬುದು ಧರ್ಮಸಭೆಯ ನಿಯಮ. ಬಾಯಿಪಾಠದ ಜಪವನ್ನು ಯಾವ ತಾಯಿಯೂ ಕಲಿಸಬಹುದು. ಹಿಂದಿರುಗಿದವರು ಮತ್ತೆ ಇಗರ್ಜಿಗಳನ್ನು ಕಟ್ಟಿದರೆಂದರೆ, ಆ ನಂಬಿಕೆಯನ್ನು ಅಷ್ಟು ಕಾಲ ಕಾಪಾಡಿದವರು ಇಂಥ ತಾಯಂದಿರಲ್ಲದೆ ಮತ್ತಾರು? 1964ರಲ್ಲಿ ವತಿಕಾನ್ ಮಹಾಸಭೆಯು ಕುಟುಂಬವನ್ನು ಮನೆಯೊಳಗಿನ ಧರ್ಮಸಭೆ ಎಂದು ಕರೆಯಿತು. ಕರಾವಳಿಯ ತಾಯಂದಿರು ಆ ಮಾತನ್ನು ಕೇಳುವ ಮೊದಲೇ ಬಾಳಿ ತೋರಿಸಿದ್ದರು.

ಮನೆಯ ಭಕ್ತಿ ಅಂಗಳ ದಾಟುವುದೂ ಉಂಟು. ಇಗರ್ಜಿಯ ವ್ಯಾಪ್ತಿಯ ಊರನ್ನು ‘ವಾಡೊ’ಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಒಬ್ಬ ‘ಗುರ್ಕಾರ’ನನ್ನು ಇಟ್ಟುಕೊಂಡರು. ಸಾವಿನ ಮನೆಗೆ ಮೊದಲು ಓಡುವವನು ಅವನು. ಗಡಿಯ ತಕರಾರಿಗೂ ಅವನೇ. ಎಲ್ಲವೂ ಚೆನ್ನಾಗಿತ್ತೆಂದು ಭ್ರಮಿಸಬೇಕಾಗಿಲ್ಲ. ಒಂದೇ ಜಪಸರ ಹಿಡಿದವರು ಹೆಣ್ಣು ತರುವಾಗ ಮಾತ್ರ ಬಾಮಣ್, ಚಾರ್ಡಿ ಎಂಬ ಹಳೆಯ ಲೆಕ್ಕವನ್ನೇ ತೆರೆದರು. ಅಷ್ಟು ಜಪ ಆ ಲೆಕ್ಕವನ್ನು ಅಳಿಸಲಾರದೆ ಹೋಯಿತಲ್ಲ ಎಂಬ ಮಾತು ಮನಸ್ಸನ್ನು ಚುಚ್ಚುತ್ತದೆ.

ಇಡೀ ಬಾಳ್ವೆಯನ್ನು ಒಂದೇ ದಿನದಲ್ಲಿ ಕಾಣಬೇಕೆಂದರೆ ಸಪ್ಟಂಬರ್ 8ರ ‘ಮೋಂತಿ ಫೆಸ್ತ್’ ನೋಡಬೇಕು. ಮರಿಯಮ್ಮನವರ ಹುಟ್ಟುಹಬ್ಬವಾದ ಇದಕ್ಕೆ ಹೆಸರು ಬಂದುದು ಫರಂಗಿಪೇಟೆಯ ಮೋಂತ್ ಮರಿಯಾನೊ ಇಗರ್ಜಿಯಿಂದ. ಹಿಂದಿನ ಒಂಬತ್ತು ದಿನ ಮಕ್ಕಳು ಬುಟ್ಟಿಗಳಲ್ಲಿ ಹೂ ತಂದು ಬಾಲಮರಿಯಳ ಮುಂದೆ ಚೆಲ್ಲುತ್ತಾರೆ. ಬೇಲಿಯ ಹೂವೂ ಗುಡ್ಡದ ಹೂವೂ ಅಲ್ಲಿ ಸಮಾನ. ಹಬ್ಬದ ದಿನ ಪಾದ್ರಿ ಹೊಸ ಭತ್ತದ ತೆನೆಗಳನ್ನು ಹರಸುತ್ತಾರೆ. ಮನೆಗೆ ತಂದ ತೆನೆಯ ಕಾಳನ್ನು ಸುಲಿದು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸುತ್ತಾರೆ. ಮನೆಯ ಹಿರಿಯ ಅದನ್ನು ಎಲ್ಲರಿಗೂ ಹಂಚಿದ ಮೇಲೆ ಊಟ. ಮೀನಿಲ್ಲದೆ ಅನ್ನವಿಳಿಯದ ಮನೆಗಳಲ್ಲಿ ಅಂದು ಮೀನಿಲ್ಲ! ಬಾಳೆಯೆಲೆಯ ಮೇಲೆ ಕೆಸುವಿನ ದಂಟು, ಹೀರೆ, ಬೆಂಡೆ, ಅಮಟೆಕಾಯಿ. ನೆರೆಯ ತುಳುವರ ಮನೆಯಲ್ಲಿ ಇದೇ ಋತುವಿನ ಹೊಸ ಅಕ್ಕಿಯೂಟಕ್ಕೆ ‘ಪುದ್ದರ್’ ಎನ್ನುತ್ತಾರೆ. ಮತ ಬೇರೆಯಾದರೂ ಗದ್ದೆ ಒಂದೇ ಆಗಿತ್ತಷ್ಟೆ. ಪಾಲಾದ ಅಣ್ಣತಮ್ಮಂದಿರೂ ಈ ಹೊಸತು ಉಣ್ಣಲು ಮೂಲಮನೆಗೆ ಬರಬೇಕೆಂಬುದು ಪದ್ಧತಿ. ಬಾರದವನ ಎಲೆ ಎಲ್ಲರ ಕಣ್ಣಿಗೂ ಬೀಳುತ್ತದೆ.

ಈಗ ಆ ಮೂಲಮನೆಗಳೇ ಬರಿದಾಗುತ್ತಿವೆ. ಮೊದಲು ಮುಂಬಯಿ, ಆಮೇಲೆ ಕೊಲ್ಲಿಯ ನಾಡುಗಳು, ಇದೀಗ ಇನ್ನೂ ದೂರದ ದೇಶಗಳು ಮಕ್ಕಳನ್ನು ಸೆಳೆದುವು. ಗದ್ದೆಯಿದ್ದಲ್ಲಿ ಅಡಿಕೆ ಎದ್ದಿದೆ. ಹಬ್ಬದ ತೆನೆಯನ್ನು ಹೊರಗಿನಿಂದ ತರಿಸುವ ಇಗರ್ಜಿಗಳೂ ಉಂಟು. ದೊಡ್ಡ ಚಾವಡಿಯಲ್ಲಿ ಇಬ್ಬರೇ ಮುದುಕರು ತೆರ್ಸ್ ಹೇಳುತ್ತಾರೆ: ಒಬ್ಬರು ಮೊದಲರ್ಧ ಹೇಳಿದರೆ ಇನ್ನೊಬ್ಬರು ಉಳಿದರ್ಧ. ಸತ್ತವರ ಪಟ್ಟಿ ಉದ್ದವಾಗಿದೆ, ಬೆಸಾಂವ್ ಬೇಡಲು ಕಿರಿಯರಿಲ್ಲ. ಕೆಲವು ಮನೆಗಳಲ್ಲಿ ಆಲ್ತಾರಿನ ಕೆಳಗೆ ಮೊಬೈಲನ್ನು ಆನಿಸಿಟ್ಟಿರುತ್ತಾರೆ. ಅದರೊಳಗಿಂದ ಮೊಮ್ಮಗಳ ಮುಖ ಕೈಜೋಡಿಸುತ್ತದೆ, ಅಜ್ಜನ ಕೈ ಗಾಜಿನ ಮೇಲೆ ಹರಸುತ್ತದೆ. ನಗುವವರು ನಗಲಿ.

ಸಪ್ಟಂಬರ್ ಬಂದಾಗ ಹರಸಿದ ತೆನೆಯ ಒಂದೆರಡು ಎಳೆಗಳನ್ನು ಲಕೋಟೆಯಲ್ಲಿಟ್ಟು ಪರವೂರಿಗೆ ಅಂಚೆಗೆ ಹಾಕುವ ವಾಡಿಕೆ ಇನ್ನೂ ಇದೆ. ಲಕೋಟೆ ಹಬ್ಬ ಕಳೆದ ಮೇಲೆ ತಲಪಬಹುದು. ಹತ್ತನೆಯ ಮಾಳಿಗೆಯ ಅಡುಗೆಮನೆಯಲ್ಲಿ ಆ ನಾಲ್ಕು ಕಾಳನ್ನು ಸುಲಿದು ಪುಡಿಮಾಡಿ, ಡಬ್ಬದ ತೆಂಗಿನ ಹಾಲಿಗೆ ಹಾಕಿ, ಒಂದೊಂದು ಚಮಚದಂತೆ ಹಂಚುತ್ತಾರೆ. ಮನೆಯಲ್ಲಿ ಇರುವವರಿಗೆಲ್ಲ ಆದ ಮೇಲೆ, ಪಕ್ಕದ ಕೋಣೆಯಲ್ಲಿ ಒಂಟಿಯಾಗಿರುವ ಊರ ಹುಡುಗನನ್ನೂ ಕೂಗಿ ಕರೆಯುತ್ತಾರೆ.